ಹನ್ನೆರಡರಲ್ಲಿ ಎಂಟು ಮರಿ: ಉಳಿದ ನಾಲ್ಕು ಮೊಟ್ಟೆ ತಿಪ್ಪೆಗೆ ಹಾಕುವ ಮುನ್ನ



ಕಳೆದ ಕಾರ್ತಿಕದಲ್ಲಿ ಹೊಸದುರ್ಗ ತಾಲ್ಲೂಕಿನಲ್ಲಿ, ವಾಣಿವಿಲಾಸ ಸಾಗರದ ಹಿನ್ನೀರಿಗೆ ಹತ್ತಿರದ ಒಂದು ಊರಿಗೆ ಹಸುವಿನ ಗರ್ಭ ಪರೀಕ್ಷೆಗೆ ಹೋಗಿದ್ದೆ. ಕೆಲಸ ಮುಗಿಸಿ ಕೈ ತೊಳೆಯುತ್ತಿದ್ದಾಗ ಆ ಮನೆಯ ಅಜ್ಜಿ ಸೆರಗಿನಲ್ಲಿ ನಾಲ್ಕು ಮೊಟ್ಟೆ ಹಿಡಿದುಕೊಂಡು ತಿಪ್ಪೆಯ ಕಡೆ ಹೊರಟಿದ್ದರು.

"ಹನ್ನೆರಡು ಇಟ್ಟಿದ್ದೆ ಡಾಕ್ಟ್ರಮ್ಮ. ಎಂಟು ಮರಿ ಆದ್ವು. ಕೋಳಿ ಮರಿ ಕರ್ಕೊಂಡು ಎದ್ದು ಹೋಯ್ತು. ಇವು ನಾಲ್ಕು ಕೆಟ್ಟೋಗ್ಯಾವೆ" ಎಂದರು.

ಒಂದೊಂದನ್ನೇ ತೆಗೆದುಕೊಂಡು ಕಿವಿಗೆ ಹಿಡಿದು ನೋಡಿದೆ. ಎರಡು ಸುಮ್ಮನಿದ್ದವು. ಮೂರನೆಯದರಲ್ಲಿ ಒಳಗಿನಿಂದ ಕೆರೆದಂಥ ಸದ್ದು. ನಾಲ್ಕನೆಯದರಲ್ಲಿ ಸಣ್ಣಗೆ ಚಿಂವ್‌ಗುಟ್ಟುವ ದನಿ. ಮೊಟ್ಟೆಗಳು ಆಗಲೇ ತಣ್ಣಗಾಗತೊಡಗಿದ್ದವು. ಇನ್ನೊಂದು ಗಂಟೆ ತಡವಾಗಿದ್ದರೆ ಜೀವವಿದ್ದ ಎರಡು ಮರಿಗಳು ಗೊಬ್ಬರದ ಪಾಲಾಗುತ್ತಿದ್ದವು.

ಎರಡು ಮರಿ ದೊಡ್ಡ ಲೆಕ್ಕವೇ ಎಂದು ಕೇಳಬಹುದು. ನಾನೂ ಹಾಗೆ ಅಂದುಕೊಂಡವಳೇ. ಅಜ್ಜಿ ಹೇಳಿದ ಮಾತು ಇದು: "ಹಾಲಿನ ಬಟವಾಡೆ ಮಗನ ಖಾತೆಗೆ ಹೋಗ್ತೈತೆ ತಾಯಿ. ಕೋಳಿ ದುಡ್ಡು ಮಾತ್ರ ನನ್ನ ಸೆರಗಿನ ಗಂಟಿಗೆ." ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ನಾನು ಹೋಗುವ ಹಾಲಿನ ಮನೆಗಳಲ್ಲಿ ಕೊಟ್ಟಿಗೆಯ ಪಕ್ಕ ನಾಲ್ಕಾರು ನಾಟಿ ಕೋಳಿ ಇಲ್ಲದ ಮನೆ ಕಡಿಮೆ. ಮಾತ್ರೆಗೆ, ಬಸ್ಸಿಗೆ, ಮೊಮ್ಮಕ್ಕಳ ನೋಟ್‌ಬುಕ್ಕಿಗೆ ಯಾರನ್ನೂ ಕೇಳದೆ ಕೈಗೆ ಬರುವ ದುಡ್ಡು ಅದು. ಆದ್ದರಿಂದ ಈ ಸಲ ಹಸು ಎಮ್ಮೆ ಬಿಟ್ಟು, ಕಾವಿಗೆ ಕೂತ ಕೋಳಿಯ ಬಗ್ಗೆ ಬರೆಯುತ್ತಿದ್ದೇನೆ.

ಮೊಟ್ಟೆ ತಡವಾಗುವುದು ಮೊದಲ ದಿನವೇ

ಕೋಳಿ ಮೊಟ್ಟೆ ಮರಿಯಾಗಲು 21 ದಿನ ಬೇಕು. ಭಾನುವಾರ ಸಂಜೆ ಇಟ್ಟರೆ ಮೂರನೇ ಭಾನುವಾರಕ್ಕೆ ಮರಿ. ಎಲ್ಲ ಮೊಟ್ಟೆಗೂ ಲೆಕ್ಕ ಒಂದೇ ಆಗಿರುವಾಗ ಕೆಲವು ಹಿಂದೆ ಬೀಳುವುದು ಯಾಕೆ? ನಾನು ಕಂಡ ಮನೆಗಳಲ್ಲಿ ಹೆಚ್ಚಾಗಿ ನಾಲ್ಕು ಕಾರಣ.

ಒಂದು, ಎಲ್ಲ ಮೊಟ್ಟೆಯನ್ನು ಒಂದೇ ದಿನ ಇಟ್ಟಿರುವುದಿಲ್ಲ. ಕೋಳಿ ಕೂತ ಮೇಲೆ "ಇನ್ನೆರಡು ಇರಲಿ" ಎಂದು ಸೇರಿಸುತ್ತೇವೆ. ಇಲ್ಲವೇ ಕಾವಿನ ಕೋಳಿ ಮೇಯಲು ಎದ್ದಾಗ ಮನೆಯ ಇನ್ನೊಂದು ಹ್ಯಾಟೆ ಬಂದು ಅದೇ ಬುಟ್ಟಿಯಲ್ಲಿ ಮೊಟ್ಟೆ ಇಟ್ಟು ಹೋಗುತ್ತದೆ. ಮೂರು ದಿನ ತಡವಾಗಿ ಸೇರಿದ ಮೊಟ್ಟೆ ಮೂರು ದಿನ ತಡವಾಗಿಯೇ ಮರಿಯಾಗಬೇಕು. ಕೋಳಿ ಅಲ್ಲಿಯವರೆಗೆ ಕಾಯುವುದಿಲ್ಲ.

ಎರಡು, ಹಳೇ ಮೊಟ್ಟೆ. ಒಂದು ವಾರಕ್ಕಿಂತ ಹಳೆಯದಾದ ಮೊಟ್ಟೆಯಲ್ಲಿ ಜೀವ ಸೊರಗುತ್ತದೆ. ಮರಿಯಾದರೂ ತಡವಾಗಿ, ಬಡವಾಗಿ ಆಗುತ್ತದೆ.

ಮೂರು, ಕೋಳಿಯ ಮೈಯಳತೆಗೆ ಮೀರಿ ಮೊಟ್ಟೆ ಇಡುವುದು. ನಾಟಿ ಕೋಳಿಯ ಮೈ ಕೆಳಗೆ 10ರಿಂದ 12 ಮೊಟ್ಟೆ ಸರಿಯಾಗಿ ಹಿಡಿಯುತ್ತವೆ. ಹದಿನೈದು ಇಟ್ಟರೆ ಅಂಚಿನವು ಸರದಿಯ ಮೇಲೆ ತಣ್ಣಗಾಗುತ್ತವೆ.

ನಾಲ್ಕು, ಹೇನು. ಮೈತುಂಬ ಹೇನು ಹತ್ತಿದ ಕೋಳಿ ಬುಟ್ಟಿಯಲ್ಲಿ ನೆಮ್ಮದಿಯಾಗಿ ಕೂರುವುದಿಲ್ಲ, ಪದೇ ಪದೇ ಏಳುತ್ತದೆ.

ಆದ್ದರಿಂದ ತಡವಾದ ಮೊಟ್ಟೆಯನ್ನು ಉಳಿಸುವ ಮೊದಲ ಉಪಾಯ ಒಂದು ಪೆನ್ಸಿಲ್. ಎಲ್ಲ ಮೊಟ್ಟೆಯನ್ನು ಒಂದೇ ಸಂಜೆ ಇಡಿ, ಪ್ರತಿಯೊಂದರ ಮೇಲೂ ಪೆನ್ಸಿಲ್‌ನಿಂದ ತಾರೀಖು ಬರೆಯಿರಿ. ದಿನಕ್ಕೊಮ್ಮೆ ಕೋಳಿ ಮೇಯಲು ಎದ್ದಾಗ ನೋಡಿ, ಗುರುತಿಲ್ಲದ ಮೊಟ್ಟೆ ಸಿಕ್ಕರೆ ಅದನ್ನು ಸಾರಿಗೆ ಹಾಕಿ. ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರು, ಇದ್ದಿಲು, ಒಣಮೆಣಸಿನಕಾಯಿ ಇಡುವ ರೂಢಿ ನಮ್ಮಲ್ಲಿದೆ. ಇಡುವುದಾದರೆ ಇಡಿ, ಕೋಳಿಗೆ ಅದರಿಂದ ತೊಂದರೆಯಿಲ್ಲ. ಜೊತೆಗೆ ಪೆನ್ಸಿಲ್ ಗುರುತೂ ಇರಲಿ.

ಕೂರಿಸುವ ಮುನ್ನ

ಕೋಳಿ ಕಾವಿಗೆ ಬಂದಿದೆಯೇ ಎಂದು ತಿಳಿಯಲು ಎರಡು ದಿನ ಒಂದೆರಡು ಸುಳ್ಳು ಮೊಟ್ಟೆ ಇಟ್ಟು ನೋಡಿ. ರಾತ್ರಿಯೂ ಏಳದೆ, ಕೈ ಹಾಕಿದರೆ ಗರಿ ಕೆದರಿ ಲೊಚಗುಟ್ಟಿದರೆ ಅದು ಕೂತಂತೆ. ಗಿರಿರಾಜ, ಸ್ವರ್ಣಧಾರೆಯಂಥ ಸುಧಾರಿತ ತಳಿಗಳು ಮೊಟ್ಟೆ ಚೆನ್ನಾಗಿ ಇಡುತ್ತವೆ, ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯನ್ನೂ ನಾಟಿ ಕೋಳಿಯ ಕೆಳಗೇ ಇಡಬೇಕು. ಆದರೆ ಅವು ಮಿಶ್ರತಳಿಯಾದ್ದರಿಂದ ಮರಿಗಳಲ್ಲಿ ತಾಯಿಯ ಗುಣ ಪೂರ್ತಿ ಬರುತ್ತದೆಂದು ನೆಚ್ಚಬೇಡಿ. ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆ ಹುಂಜವಿಲ್ಲದ ಕಡೆ ಇಟ್ಟದ್ದು, ಅದು ಮರಿಯಾಗುವುದಿಲ್ಲ. ಮನೆಯಲ್ಲಿ ಎಂಟು ಹತ್ತು ಹ್ಯಾಟೆಗೆ ಒಂದು ಗಟ್ಟಿ ಹುಂಜ ಇರಬೇಕು.

ಮೊಟ್ಟೆ ನಡುಗಾತ್ರದ್ದಾಗಿರಲಿ. ಬಿರುಕು ಬಿಟ್ಟದ್ದು, ಸೊಟ್ಟಗಿರುವುದು, ಹಿಕ್ಕೆ ಮೆತ್ತಿದ್ದು ಬೇಡ. ತೊಳೆಯಬೇಡಿ. ಚಿಪ್ಪಿನ ಮೇಲಿನ ಕಾಣದ ಲೇಪ ತೊಳೆದುಹೋದರೆ ರೋಗಾಣು ಒಳಗೆ ಇಳಿಯುತ್ತದೆ.

ಕೂರಿಸುವ ದಿನದವರೆಗೆ ಮೊಟ್ಟೆಯನ್ನು ತಂಪಾಗಿ ಇಡುವುದು ನಮ್ಮ ಭಾಗದಲ್ಲಿ ದೊಡ್ಡ ವಿಷಯ. 15ರಿಂದ 18 ಡಿಗ್ರಿ ಇದ್ದರೆ ಉತ್ತಮ. ಹಿರಿಯೂರಿನ ಬೇಸಿಗೆಯಲ್ಲಿ ತಗಡಿನ ಮನೆಯೊಳಗೆ ಇಟ್ಟ ಮೊಟ್ಟೆಯಲ್ಲಿ ಕಾವಿಲ್ಲದೆಯೇ ಮರಿ ಅರೆಬರೆ ಬೆಳೆಯತೊಡಗಿ ಸಾಯುತ್ತದೆ. ಅದನ್ನು ಕೋಳಿಯ ಕೆಳಗೆ ಇಟ್ಟು ಮೂರು ವಾರ ಕಾದರೂ ಫಲವಿಲ್ಲ. ಅಗಲ ಬಾನಿಯಲ್ಲಿ ಒದ್ದೆ ಮರಳು ಹಾಕಿ, ಅದರ ಮೇಲೆ ಮಣ್ಣಿನ ಮಡಕೆ ಕೂರಿಸಿ, ಮಡಕೆಯೊಳಗೆ ಒಣಗಿದ ಹುಲ್ಲಿನ ಮೇಲೆ ಮೊಟ್ಟೆಯನ್ನು ಚೂಪು ತುದಿ ಕೆಳಗಾಗಿ ಇಡಿ. ಬಾಯಿಗೆ ತೆಳುವಾದ ಬಟ್ಟೆ ಕಟ್ಟಿ, ಮರಳಿಗೆ ದಿನಕ್ಕೆರಡು ಸಲ ನೀರು ಚಿಮುಕಿಸಿ. ಏನೇ ಮಾಡಿದರೂ ಮಾರ್ಚ್‌ನಿಂದ ಮೇವರೆಗೆ ಮರಿ ಮಾಡಿಸುವುದು ಕಷ್ಟ. ಮಳೆ ಹಿಂದಾದ ಮೇಲೆ, ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗೆ ನಮಗೆ ಅನುಕೂಲದ ಕಾಲ.

ಕೋಳಿಯ ರೆಕ್ಕೆ ಎತ್ತಿ, ಗುದದ ಸುತ್ತ ಗರಿ ಬಿಡಿಸಿ ಹೇನು ನೋಡಿ. ಇದ್ದರೆ ಕೂರಿಸುವ ಮೊದಲೇ ನಿಮ್ಮ ಪಶು ಚಿಕಿತ್ಸಾಲಯದಲ್ಲಿ ಕೇಳಿ ಔಷಧಿ ಹಾಕಿಸಿ. ಹಸುವಿನ ಉಣ್ಣೆಗೆ ತಂದ ಔಷಧಿಯನ್ನು ಅಂದಾಜಿನಲ್ಲಿ ಬೆರೆಸಿ ಕೋಳಿಗೆ ಬಳಿಯುವುದು ಅಪಾಯ. ಬೂದಿ ಬೆರೆಸಿದ ಒಣ ಮಣ್ಣಿನ ಗುಂಡಿಯೊಂದು ಹತ್ತಿರ ಇದ್ದರೆ ಕೋಳಿ ತಾನೇ ಮಣ್ಣಿನ ಸ್ನಾನ ಮಾಡಿಕೊಳ್ಳುತ್ತದೆ.

ಬುಟ್ಟಿಯನ್ನು ಗೋದಲಿಯಲ್ಲಿ ಇಡಬೇಡಿ. ದನದ ಮುಸುಡಿ, ಕಾಲು ಎರಡರಿಂದಲೂ ಮೊಟ್ಟೆಗೆ ಅಪಾಯ, ಮೇವಿಗೆ ಬೀಳುವ ಹಿಕ್ಕೆಯಿಂದ ದನಕ್ಕೂ ಅಪಾಯ. ಇಲಿ, ಹಾವು, ಮುಂಗುಸಿ ಬಾರದ, ಮಬ್ಬುಗತ್ತಲೆಯ ಮೂಲೆಯಲ್ಲಿ ಮಣ್ಣಿನ ನೆಲದ ಮೇಲೆ ಇಡಿ. ಕೆಳಗೆ ಎರಡು ಬೊಗಸೆ ಮಣ್ಣು, ಮೇಲೆ ಹುಲ್ಲು. ನಡುವೆ ತಗ್ಗು ಮಾಡಿ, ಮೊಟ್ಟೆ ಉರುಳಿ ಒಂದಕ್ಕೊಂದು ತಾಗಿಕೊಂಡಿರುವಂತಿರಬೇಕು. ಪಕ್ಕದಲ್ಲೇ ಕಾಳು, ನೀರು ಇರಲಿ. ಕೋಳಿ ದಿನಕ್ಕೊಮ್ಮೆ ಹದಿನೈದು ಇಪ್ಪತ್ತು ನಿಮಿಷ ಎದ್ದು ಹೋಗುವುದು ಸಹಜ, ಗಾಬರಿಯಾಗಬೇಡಿ.

ಏಳನೇ ದಿನ ಮೊಬೈಲ್ ಬೆಳಕು

ಏಳನೇ ರಾತ್ರಿ ಮೊಬೈಲ್ ಟಾರ್ಚ್ ಹಚ್ಚಿ, ಬೆಳಕಿನ ಮೇಲೆ ಮೊಟ್ಟೆಯ ದಪ್ಪ ತುದಿ ಇಟ್ಟು ನೋಡಿ. ಜೇಡನ ಬಲೆಯಂತೆ ಕೆಂಪು ನರ ಕಂಡರೆ ಜೀವವಿದೆ. ಪೂರ್ತಿ ತಿಳಿಯಾಗಿದ್ದರೆ ಗೊಡ್ಡು ಮೊಟ್ಟೆ. ನರವಿಲ್ಲದೆ ಒಂದು ಕೆಂಪು ಉಂಗುರ ಮಾತ್ರ ಕಂಡರೆ ಮರಿ ಶುರುವಾಗಿ ಸತ್ತಿದೆ. ಇವೆರಡನ್ನೂ ತೆಗೆಯಿರಿ. ಹದಿನಾಲ್ಕನೇ ರಾತ್ರಿ ಇನ್ನೊಮ್ಮೆ ನೋಡಿ. ಆಗ ದಪ್ಪ ತುದಿಯ ಗಾಳಿ ಕೋಣೆ ಬಿಟ್ಟು ಉಳಿದದ್ದು ಬಹುಪಾಲು ಕಪ್ಪಾಗಿ ಕಾಣಬೇಕು. ಕೆಟ್ಟ ಮೊಟ್ಟೆ ಬುಟ್ಟಿಯಲ್ಲೇ ಉಳಿದರೆ ಒಡೆದು ಒಳ್ಳೆಯ ಮೊಟ್ಟೆಗಳಿಗೂ ಕೊಳೆ ಹತ್ತಿಸುತ್ತದೆ.

19ನೇ ದಿನದಿಂದ ಕೈ ಕಟ್ಟಿ ಕೂರಿ

ಕೊನೆಯ ಮೂರು ದಿನ ಕೋಳಿಯನ್ನು ಎತ್ತಬೇಡಿ, ಮೊಟ್ಟೆ ತಿರುಗಿಸಬೇಡಿ. ಮರಿ ಈಗ ಗಾಳಿ ಕೋಣೆಯ ಪೊರೆ ಚುಚ್ಚಿ ಮೊದಲ ಉಸಿರು ತೆಗೆದುಕೊಳ್ಳುತ್ತದೆ. ಆಮೇಲೆ ಚಿಪ್ಪಿಗೆ ಸಣ್ಣ ತೂತು ಮಾಡುತ್ತದೆ. ತೂತಾದ ಮೇಲೆ ಹೊರಗೆ ಬರಲು 12ರಿಂದ 24 ಗಂಟೆ ಹಿಡಿಯಬಹುದು. ಅಷ್ಟು ಹೊತ್ತು ಅದು ಸುಮ್ಮನೆ ಮಲಗಿದಂತೆ ಕಾಣುತ್ತದೆ. ನಿಜವಾಗಿ ಒಳಪೊರೆಯ ನರಗಳಲ್ಲಿರುವ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ.

ಹಸು ಈಯುವಾಗ ನೀರ್ಚೀಲ ಕಂಡ ಕೂಡಲೇ ಕರು ಎಳೆಯಬೇಡಿ ಎಂದು ನಾವು ಹೇಳುತ್ತೇವಲ್ಲ, ಇದೂ ಹಾಗೆಯೇ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಆದರೆ ಕಲಿತದ್ದು ತಪ್ಪು ಮಾಡಿ. ಕೆಲಸಕ್ಕೆ ಸೇರಿದ ಹೊಸತು. ಹೊಳಲ್ಕೆರೆ ಕಡೆಯ ಒಂದು ಅಡಿಕೆ ತೋಟದ ಮನೆಯಲ್ಲಿ ತೂತು ಬಿದ್ದ ಮೊಟ್ಟೆ ತೋರಿಸಿ "ಬೆಳಗ್ಗೆಯಿಂದ ಹೀಗೇ ಇದೆ" ಎಂದರು. ಮಕ್ಕಳು ಸುತ್ತ ನಿಂತಿದ್ದರು. ಡಾಕ್ಟರ್ ಅನ್ನಿಸಿಕೊಳ್ಳುವ ಉತ್ಸಾಹದಲ್ಲಿ ಚಿಪ್ಪು ಬಿಡಿಸಿದೆ. ಪೊರೆ ಹರಿದು ರಕ್ತ ಬಂತು. ಹಳದಿ ಚೀಲ ಇನ್ನೂ ಹೊಟ್ಟೆಯ ಹೊರಗೇ ಇತ್ತು. ಮರಿ ನನ್ನ ಅಂಗೈ ಮೇಲೆಯೇ ಸತ್ತಿತು. ಅದು ತಡವಾದ ಮೊಟ್ಟೆಯೇ ಆಗಿರಲಿಲ್ಲ, ನಾನೇ ಅವಸರ ಮಾಡಿದ್ದೆ.

ಕೋಳಿ ಎದ್ದು ಹೋಗುವ ಹೊತ್ತು

ಮೊದಲ ಮರಿ ಹೊರಬಂದ ಒಂದೆರಡು ದಿನದಲ್ಲಿ ತಾಯಿ ಮರಿಗಳನ್ನು ಮೇಯಿಸಲು ಹೊರಡುತ್ತದೆ. ಹಿಂದೆ ಬಿದ್ದ ಮೊಟ್ಟೆ ಸಾಯುವುದು ಈ ಹೊತ್ತಿನಲ್ಲೇ. ನಿಮ್ಮ ಮುಂದೆ ಮೂರು ದಾರಿ ಇವೆ.

ಮೊದಲನೆಯದು ಸುಲಭ. ಗರಿ ಒಣಗಿದ ಮರಿಗಳನ್ನು ಎತ್ತಿ ಬೆಚ್ಚಗಿನ ಪೆಟ್ಟಿಗೆಯಲ್ಲಿ, ತಾಯಿಗೆ ದನಿ ಕೇಳದಷ್ಟು ದೂರ ಇಡಿ. ಬುಟ್ಟಿಯಲ್ಲಿ ಮೊಟ್ಟೆ ಮಾತ್ರ ಇದ್ದರೆ ಕೋಳಿ ಇನ್ನೊಂದು ದಿನ ಕೂರುತ್ತದೆ. ಹೊಟ್ಟೆಯೊಳಗಿನ ಹಳದಿಯ ಬಲದಿಂದ ಮರಿಗಳು ಎರಡು ದಿನ ಮೇವಿಲ್ಲದೆ ತಡೆಯಬಲ್ಲವು, ಆದರೂ ನೀರು, ನುಚ್ಚು ಇಟ್ಟಿರಿ. ರಾತ್ರಿ ಎಲ್ಲವನ್ನೂ ತಾಯಿಯ ಕೆಳಗೆ ಸೇರಿಸಿ.

ಎರಡನೆಯದು, ಪಕ್ಕದ ಮನೆಯಲ್ಲಿ ಕಾವಿಗೆ ಕೂತ ಕೋಳಿ ಇದ್ದರೆ ಕತ್ತಲಾದ ಮೇಲೆ ಮೊಟ್ಟೆಯನ್ನು ಅದರ ಕೆಳಗೆ ಇಡುವುದು.

ಮೂರನೆಯದು ಪೆಟ್ಟಿಗೆ. ರಟ್ಟಿನ ಪೆಟ್ಟಿಗೆಯಲ್ಲಿ ಗೋಣಿ ಹಾಸಿ, 40 ವ್ಯಾಟ್‌ನ ಹಳೇ ಕಾಲದ ತಂತಿ ಬಲ್ಬ್ ತೂಗುಹಾಕಿ. ಎಲ್‌ಇಡಿ ಬಲ್ಬ್ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಬಲ್ಬ್ ರಟ್ಟಿಗೂ ಗೋಣಿಗೂ ತಾಗದಂತೆ ನೋಡಿಕೊಳ್ಳಿ, ಬೆಂಕಿಯ ಭಯವಿದೆ. ಪಕ್ಕದಲ್ಲಿ ಒಂದು ಬಟ್ಟಲು ನೀರು, ಅದರಲ್ಲಿ ಅದ್ದಿದ ಬಟ್ಟೆ ಇರಲಿ. ಮೊಟ್ಟೆಯ ಮಟ್ಟದಲ್ಲಿ ಸುಮಾರು 38 ಡಿಗ್ರಿ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಮೊಟ್ಟೆಯನ್ನು ಮುಚ್ಚಿದ ಕಣ್ಣಿನ ರೆಪ್ಪೆಗೆ ತಾಗಿಸಿ: ಸುಡಬಾರದು, ತಣ್ಣಗೂ ಅನ್ನಿಸಬಾರದು, ಹಿತವಾಗಿರಬೇಕು. ಈಜಿಪ್ಟ್ ದೇಶದಲ್ಲಿ ಮಣ್ಣಿನ ಇಟ್ಟಿಗೆಯ ಗೂಡುಗಳಲ್ಲಿ ಸಾವಿರಾರು ಮೊಟ್ಟೆ ಮರಿ ಮಾಡಿಸುತ್ತಿದ್ದವರು ಯಾವ ಮೀಟರೂ ಇಲ್ಲದೆ ಹೀಗೇ ಕಾವು ಅಳೆಯುತ್ತಿದ್ದರು. ಕರೆಂಟ್ ಹೋದರೆ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಮೊಟ್ಟೆಯ ಪಕ್ಕ ಇಡಿ, ಎರಡು ಗಂಟೆಗೊಮ್ಮೆ ನೀರು ಬದಲಿಸಿ.

ಮೊಟ್ಟೆಯಲ್ಲಿ ಜೀವವಿದೆಯೇ ಎಂದು ತಿಳಿಯಲು ಕಿವಿಗೆ ಹಿಡಿಯಿರಿ, ಟಾರ್ಚಿನಲ್ಲಿ ನೋಡಿ. ಬೆಚ್ಚಗಿನ ನೀರಿನಲ್ಲಿ ತೇಲಿಬಿಟ್ಟು ಅಲುಗಾಡುತ್ತದೆಯೇ ಎಂದು ನೋಡುವವರೂ ಇದ್ದಾರೆ. ತೂತು ಅಥವಾ ಬಿರುಕು ಬಿದ್ದ ಮೊಟ್ಟೆಯನ್ನು ಮಾತ್ರ ಎಂದೂ ನೀರಿಗೆ ಹಾಕಬೇಡಿ, ಮರಿ ಮುಳುಗಿ ಸಾಯುತ್ತದೆ. 24ನೇ ದಿನ ಮುಗಿದರೂ ಸದ್ದಿಲ್ಲ, ಚಲನೆಯಿಲ್ಲ ಎಂದರೆ ಆ ಮೊಟ್ಟೆಯನ್ನು ಗುಂಡಿ ತೋಡಿ ಹೂಳಿ.

ಯಾವಾಗ ಕೈ ಹಾಕಬೇಕು

ತೂತು ಬಿದ್ದು 24 ಗಂಟೆ ಕಳೆದರೂ ಅದು ಒಂದಿಷ್ಟೂ ದೊಡ್ಡದಾಗದಿದ್ದರೆ ಆಗ ಹತ್ತಿರದಿಂದ ನೋಡಿ. ಒಳಪೊರೆ ಬೆಳ್ಳಗೆ, ಒದ್ದೆಯಾಗಿದ್ದರೆ ಇನ್ನೂ ಕಾಯಿರಿ. ಕಂದುಬಣ್ಣಕ್ಕೆ ತಿರುಗಿ ಕಾಗದದಂತೆ ಒಣಗಿದ್ದರೆ ಮರಿ ಅಂಟಿಕೊಂಡಿದೆ ಎಂದರ್ಥ. ಹಿರಿಯೂರು, ಚಿತ್ರದುರ್ಗದ ಒಣಗಾಳಿಯಲ್ಲಿ ಇದಕ್ಕೆ ಹೆಚ್ಚು ಆಸ್ಪದ. ಅಂಥ ಕಡೆ ಕೊನೆಯ ಮೂರು ದಿನ ಬುಟ್ಟಿಯ ಸುತ್ತಲ ನೆಲಕ್ಕೆ ನೀರು ಚಿಮುಕಿಸುವುದು ಒಳ್ಳೆಯದು. ಮಳೆಗಾಲದ ಅಡಿಕೆ ತೋಟದ ಮನೆಯಲ್ಲಿ ಅದು ಬೇಕಾಗುವುದಿಲ್ಲ.

ಕೈ ಹಾಕುವ ಕ್ರಮ ಹೀಗೆ:

1. ಕೈ ಸೋಪಿನಲ್ಲಿ ತೊಳೆಯಿರಿ. ಕುದಿಸಿ ಉಗುರುಬೆಚ್ಚಗೆ ಆರಿಸಿದ ನೀರು, ಶುಚಿಯಾದ ಹತ್ತಿ ಸಿದ್ಧವಿರಲಿ.

2. ಕೊಕ್ಕಿನ ಬಳಿಯ ತೂತನ್ನು ಉಸಿರಾಡುವಷ್ಟು ಮಾತ್ರ ಅಗಲ ಮಾಡಿ. ಹತ್ತಿಯಿಂದ ಪೊರೆ ಒದ್ದೆ ಮಾಡಿ, ಮೂಗಿನ ತೂತಿಗೆ ನೀರು ಹೋಗಬಾರದು.

3. ದಪ್ಪ ತುದಿಯ ಸುತ್ತ ಚಿಪ್ಪನ್ನು ಕಾಳಿನಷ್ಟು ಕಾಳಿನಷ್ಟೇ ತೆಗೆಯಿರಿ. ಪೊರೆ ಹರಿಯಬೇಡಿ.

4. ಪೊರೆಯಲ್ಲಿ ಕೆಂಪು ನರ ಕಂಡರೆ ಅಲ್ಲಿಗೇ ನಿಲ್ಲಿಸಿ. ಒದ್ದೆ ಬಟ್ಟೆ ಹೊದಿಸಿ ಕಾವಿಗೆ ಇಟ್ಟು, ನಾಲ್ಕಾರು ಗಂಟೆ ಬಿಟ್ಟು ನೋಡಿ. ರಕ್ತ ಜಿನುಗಿದರೆ ಹತ್ತಿಯಿಂದ ಮೆಲ್ಲಗೆ ಒತ್ತಿ ಹಿಡಿಯಿರಿ, ಮುಂದುವರಿಯಬೇಡಿ.

5. ನರಗಳು ಮಾಸಿದ ಮೇಲೆ ತಲೆಯ ಭಾಗದ ಪೊರೆ ಸರಿಸಿ. ತಲೆ ಹೊರಬಂದರೆ ನಿಮ್ಮ ಕೆಲಸ ಮುಗಿಯಿತು. ಕೆಳಗಿನ ಅರ್ಧ ಚಿಪ್ಪಿನಿಂದ ಮರಿ ತಾನೇ ಒದ್ದು ಬರಲಿ, ಎಳೆಯಬೇಡಿ.

ಸದ್ದು ಕೇಳುತ್ತಿದೆ, ಆದರೆ ಒಂದು ದಿನವಾದರೂ ತೂತೇ ಬಿದ್ದಿಲ್ಲ ಎಂದಾದರೆ, ಟಾರ್ಚಿನಲ್ಲಿ ಗಾಳಿ ಕೋಣೆ ಎಲ್ಲಿದೆ ಎಂದು ಗುರುತು ಹಾಕಿಕೊಂಡು, ಅಲ್ಲಿ ಮಾತ್ರ ಕುದಿಸಿದ ಸೂಜಿಯಿಂದ ಒಂದು ಸಣ್ಣ ತೂತು ಮಾಡಿ ಮತ್ತೆ ಕಾವಿಗಿಡಿ. ಉಸಿರಿಗೆ ದಾರಿಯಾದರೆ ಮರಿಗೆ ಸಮಯ ಸಿಗುತ್ತದೆ.

ಹೀಗೆ ತೆಗೆದ ಮರಿಗಳೆಲ್ಲ ಬದುಕುತ್ತವೆ ಎಂದು ನಾನು ಹೇಳುವುದಿಲ್ಲ. ಕೆಲವು ಹುಟ್ಟಾ ಬಡವಾಗಿರುವುದರಿಂದಲೇ ಹೊರಬರಲಾಗದೆ ಉಳಿದಿರುತ್ತವೆ.

ಹೊರಬಂದ ಮೇಲೆ

ಕರುವಿನ ಹೊಕ್ಕುಳಿಗೆ ಹಚ್ಚುವ ಅಯೋಡಿನ್ ದ್ರಾವಣವನ್ನೇ ಹತ್ತಿಯಲ್ಲಿ ಅದ್ದಿ ಮರಿಯ ಹೊಕ್ಕುಳಿಗೆ ಒಂದು ಸಲ ತಾಗಿಸಿ. ಕಾಲು ಅಗಲಿಸಿಕೊಂಡು ಬಿದ್ದರೆ ಜಾರುವ ಪೇಪರ್ ತೆಗೆದು ಗೋಣಿ ಹಾಸಿ. ಮೆತ್ತನೆಯ ಬಟ್ಟೆಯ ಪಟ್ಟಿಯಿಂದ ಎರಡೂ ಕಾಲನ್ನು ಸಹಜ ಅಂತರಕ್ಕೆ ಸಡಿಲವಾಗಿ ಕಟ್ಟಿದರೆ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಗರಿ ಪೂರ್ತಿ ಒಣಗಿದ ಮೇಲೆ, ರಾತ್ರಿ ಕತ್ತಲೆಯಲ್ಲೇ ತಾಯಿಯ ರೆಕ್ಕೆಯ ಕೆಳಗೆ ಸೇರಿಸಿ. ಹಗಲು ಬಿಟ್ಟರೆ ಹೊಸ ಮರಿಯನ್ನು ಕುಕ್ಕಿ ಓಡಿಸುವ ತಾಯಿಯೂ ಉಂಟು.

ಮೊದಲ ವಾರ ಸಾವೆ ಅಕ್ಕಿ, ನವಣೆ ಅಥವಾ ರಾಗಿ ನುಚ್ಚು ಕೊಡಿ. ಅದಷ್ಟೇ ಸಾಲದು. ಮಡಕೆಯಲ್ಲಿ ಒದ್ದೆ ಸಗಣಿ, ಹುಲ್ಲು ತುಂಬಿ ಗೆದ್ದಲಿರುವ ಕಡೆ ರಾತ್ರಿ ಬೋರಲು ಹಾಕಿ ಬೆಳಗ್ಗೆ ಮರಿಗಳ ಮುಂದೆ ಕೊಡವುವ ನಮ್ಮ ಹಿರಿಯರ ಪದ್ಧತಿ ಬಹಳ ಒಳ್ಳೆಯದು. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿದರೆ ಮರಿ ಮುಳುಗುವುದಿಲ್ಲ. ಕೋಳಿ ಮುಟ್ಟಿದ ಕೈಯನ್ನು ಸೋಪು ಹಚ್ಚಿ ತೊಳೆದೇ ಹಾಲು ಕರೆಯಲು ಕೂರಬೇಕೆಂದು ಬೇರೆ ಹೇಳಬೇಕಿಲ್ಲ.

ಕೊನೆಯದಾಗಿ ಲಸಿಕೆ. ಕಷ್ಟಪಟ್ಟು ಉಳಿಸಿದ ಮರಿಗಳನ್ನು ಕೊಕ್ಕರೆ ರೋಗ ಒಂದೇ ವಾರದಲ್ಲಿ ಗುಡಿಸಿ ಹಾಕಬಲ್ಲದು. 5ರಿಂದ 7ನೇ ದಿನದೊಳಗೆ ಲಸೋಟ ಲಸಿಕೆಯ ಒಂದು ಹನಿ ಕಣ್ಣಿಗೆ, ಎಂಟನೇ ವಾರದ ಹೊತ್ತಿಗೆ ಆರ್‌2ಬಿ ಚುಚ್ಚುಮದ್ದು. ತೊಡಕು ಏನೆಂದರೆ ಲಸಿಕೆಯ ಒಂದು ಸೀಸೆ ನೂರಾರು ಮರಿಗಾಗುತ್ತದೆ, ಕಲೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಹಾಕಿ ಮುಗಿಸಬೇಕು. ಹತ್ತು ಮರಿಗಾಗಿ ಯಾರೂ ಸೀಸೆ ಒಡೆಯುವುದಿಲ್ಲ. ಬೆಳಗ್ಗೆ ಸಂಜೆ ನೀವೆಲ್ಲ ಸೇರುವ ಜಾಗ ಹಾಲಿನ ಡೇರಿ. ಹಾಲು ಹಾಕುವ ಸಾಲಿನಲ್ಲೇ ಮಾತಾಡಿಕೊಂಡು ಊರಿನ ಕಾವಿನ ಕೋಳಿಗಳನ್ನೆಲ್ಲ ಒಂದೇ ವಾರದಲ್ಲಿ ಕೂರಿಸಿ. ಮರಿಗಳೂ ಒಂದೇ ವಾರ ಆಗುತ್ತವೆ, ಒಂದೇ ಸೀಸೆಯಲ್ಲಿ ಊರಿಗೆಲ್ಲ ಲಸಿಕೆಯಾಗುತ್ತದೆ. ಯಾರ ಮನೆಯ ಕೋಳಿ ಮೊದಲು ಎದ್ದರೂ ಹಿಂದೆ ಬಿದ್ದ ಮೊಟ್ಟೆಗೆ ಪಕ್ಕದ ಮನೆಯಲ್ಲಿ ಇನ್ನೊಂದು ಕಾವು ಸಿಗುತ್ತದೆ.

ಅಜ್ಜಿಯ ನಾಲ್ಕು ಮೊಟ್ಟೆಯ ಕಥೆ ಹೇಳುವುದು ಉಳಿಯಿತು. ಸುಮ್ಮನಿದ್ದ ಎರಡರಲ್ಲಿ ಒಂದು ಗೊಡ್ಡು, ಒಂದು ಸತ್ತಿತ್ತು. ಜೀವವಿದ್ದ ಎರಡನ್ನು ಪಕ್ಕದ ಮನೆಯ ಕಾವಿನ ಕೋಳಿಯ ಕೆಳಗೆ ಇಡಿಸಿ ಬಂದೆ. ಒಂದು ಅದೇ ರಾತ್ರಿ ಮರಿಯಾಯಿತು. ಇನ್ನೊಂದಕ್ಕೆ ಮಾರನೇ ಬೆಳಗ್ಗೆ ತೂತು ಬಿತ್ತು. ಅಜ್ಜಿ ಮೊಮ್ಮಗನ ಕೈಲಿ ಫೋನ್ ಮಾಡಿಸಿ "ಬಿಡಿಸ್ಲಾ ತಾಯಿ?" ಎಂದು ಕೇಳಿದರು. "ಬೇಡ ಅಜ್ಜಿ, ಸಂಜೆ ಹಾಲು ಹಾಕಿ ಬಂದು ನೋಡಿ" ಎಂದೆ. ಸಂಜೆ ಮತ್ತೆ ಫೋನ್ ಬಂತು. ಮರಿ ತಾನೇ ಹೊರಬಂದಿತ್ತು.